ಗಗ್ಗರ ಕಟ್ಟಿದ ಕಮಾನು ಗಾಡಿ

ಇಪ್ಪತ್ತು ವರ್ಷದ ಮೇಲೆ ಅಣ್ಣನ ಮನೆ ಬಾಗಿಲಿಗೆ ಬಂದ ಮುನಿಶಾಮಮ್ಮ ಮೊದಲು ವಿಚಾರಿಸಿದ್ದು ಅಣ್ಣನ ಯೋಗಕ್ಷೇಮವನ್ನಲ್ಲ, ಗಾಡಿಯದನ್ನು.

“ಕಮಾನು ಗಾಡಿ ಇನ್ನೂ ಐತಾ ಅಣ್ಣ?”

ಜಗುಲಿಯ ಮೇಲೆ ಕೂತಿದ್ದ ಪೆದ್ದಪ್ಪನ ಬಾಯಲ್ಲಿ ಎಲೆಅಡಿಕೆ ತುಂಬಿತ್ತು. ಅವನು ಗಲ್ಲವನ್ನಷ್ಟೇ ಕೊಟ್ಟಿಗೆಯ ಕಡೆಗೆ ತಿರುಗಿಸಿದ. ಗಾಡಿ ಅಲ್ಲಿತ್ತು. ಬಿದಿರಿನ ಕಮಾನಿಗೆ ಹೊಸ ಚಾಪೆ ಹೊದಿಸಿ, ಮೂಕಿಗೆ ಎಣ್ಣೆ ಸವರಿ, ಮದುವೆಗೆ ಬಂದ ಹೆಣ್ಣಿನ ಹಾಗೆ ಬಿಸಿಲು ತಾಕದಂತೆ ನಿಲ್ಲಿಸಿದ್ದರು. ಅದರ ಪಕ್ಕದ ಗೂಟದಲ್ಲಿ, ದಿಬ್ಬಣಕ್ಕೆ ಹೋಗುವಾಗ ಎತ್ತುಗಳ ಕೊರಳಿಗೆ ಕಟ್ಟುವ ಗಗ್ಗರದ ಗೆಜ್ಜೆಸರಗಳು ತೂಗುತ್ತಿದ್ದವು. ಮುನಿಶಾಮಮ್ಮ ಅವನ್ನು ಕಣ್ತುಂಬ ನೋಡಿ, ತಲೆಯ ಮೇಲಿನ ಟ್ರಂಕು ಇಳಿಸಿ, “ಹಂಗಾರೆ ನಾನು ಇಲ್ಲೇ ಇರ್ತೀನಿ” ಅಂದಳು.

ಪೆದ್ದಪ್ಪ ಎಂಬ ಹೆಸರಿಗೆ ತೆಲುಗಿನಲ್ಲಿ ದೊಡ್ಡವನು ಎಂಬ ಅರ್ಥ, ಕನ್ನಡದಲ್ಲಿ ದಡ್ಡ ಎಂಬ ಅರ್ಥ. ದೇವರಾಯಸಮುದ್ರದ ಜನಕ್ಕೆ ಎರಡೂ ಭಾಷೆ ಬರುತ್ತಿದ್ದುದರಿಂದ ಅವನನ್ನು ಎದುರಿಗೆ ತೆಲುಗಿನಲ್ಲೂ ಬೆನ್ನ ಹಿಂದೆ ಕನ್ನಡದಲ್ಲೂ ಕರೆಯುತ್ತಿದ್ದರು. ಕೆರೆಯ ಕೆಳಗೆ ಗದ್ದೆ, ಮೇಲೆ ಹೊಲ, ಕೊಟ್ಟಿಗೆಯಲ್ಲಿ ಎರಡು ಜೊತೆ ಎತ್ತು ಇದ್ದ ಮನುಷ್ಯ. ತಂಗಿ ಬಂದದ್ದು ಅವನಿಗೆ ಬೇಕಿರಲಿಲ್ಲ. ಆದರೆ ತಂಗಿ ಈಗ ಸರ್ಕಾರದ ಸಂಬಳದವಳು. ಊರಿಗೆ ಹೊಸದಾಗಿ ಬಂದಿದ್ದ ದವಾಖಾನೆಗೆ ಹೆರಿಗೆ ನರ್ಸಾಗಿ ವರ್ಗವಾಗಿತ್ತು. ದವಾಖಾನೆಯ ಹಿಂದೆ ಅವಳಿಗೆಂದೇ ಒಂದು ಕೋಣೆಯಿತ್ತು. ಹೆಂಚು ಸೋರುತ್ತದೆ ಎಂದು ನೆಪ ಹೇಳಿ ಇಲ್ಲಿಗೆ ಬಂದಿದ್ದಳು. ಮಳೆಗಾಲ ಮುಗಿದು ಬಹಳ ದಿನವಾಗಿತ್ತು ಎಂಬುದನ್ನು ಪೆದ್ದಪ್ಪ ಗಮನಿಸಲಿಲ್ಲ. ಅವನ ಹೆಂಡತಿ ದೊಡ್ಡಗಂಗಮ್ಮ ಗಮನಿಸಿದಳು.

“ಸುಮ್ನೆ ಬಂದೋಳಲ್ಲ ಅವ್ಳು,” ಎಂದು ಅವಳು ಸಂಜೆ ಮುದ್ದೆ ತಿರುವುತ್ತ ಗಂಡನಿಗೆ ಹೇಳಿದಳು. “ಮನಸಲ್ಲಿ ಏನೋ ಇಟ್ಕೊಂಡು ಬಂದವ್ಳೆ.”

“ಏನ್ ಇಟ್ಕೊಂಡಿರ್ತಾಳೆ? ನನ್ ತಂಗಿ.”

“ಅದಕ್ಕೇ ಹೇಳ್ತಿರೋದು.”

ಇಟ್ಟುಕೊಂಡಿದ್ದದ್ದು ಇದು. ಗಂಡ ತೀರಿಕೊಂಡ ಮೇಲೆ ಮುನಿಶಾಮಮ್ಮ ಒಂದು ಹೆಣ್ಣು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಇದೇ ಮನೆಗೆ ಬಂದಿದ್ದಳು. ಕೂಸಿನ ಹೆಸರು ಚೌಡಿ. ಒಂದು ಸಂಜೆ ಚೌಡಿಯ ಗಂಟಲು ಕಟ್ಟಿ ಉಸಿರು ಸಿಳ್ಳೆ ಹೊಡೆಯತೊಡಗಿತು. ಕೋಲಾರದ ಆಸ್ಪತ್ರೆಗೆ ಗಾಡಿ ಕಟ್ಟು ಎಂದು ಅವಳು ಅಣ್ಣನ ಕಾಲು ಹಿಡಿದಳು. ಮರುದಿನ ದೊಡ್ಡ ಮನೆಯೊಂದರ ದಿಬ್ಬಣಕ್ಕೆ ಗಾಡಿ ಒಪ್ಪಿಕೊಂಡಾಗಿತ್ತು. “ಎತ್ತಿಗೆ ಆಯಾಸ ಆಗ್ತದೆ ಕಣೇ. ಸುಮ್ಕಿರು. ಬೆಳಗಾಗ್ಲಿ,” ಎಂದು ಪೆದ್ದಪ್ಪ ಮಗ್ಗುಲಾದ. ಬೆಳಗಾಯಿತು. ಗಂಡಸರು ಚೌಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆರೆಯ ಆಚೆಗೆ ಹೋದರು. ಅದೇ ಹೊತ್ತಿಗೆ ಕಮಾನು ಗಾಡಿ ಗಗ್ಗರ ಆಡಿಸಿಕೊಂಡು ದಿಬ್ಬಣಕ್ಕೆ ಹೊರಟಿತು. ಕೊನೆಯ ಗೆಜ್ಜೆಯ ಸದ್ದು ಅಳಿಯುವವರೆಗೂ ಮುನಿಶಾಮಮ್ಮ ಹೊಸಿಲ ಮೇಲೆ ನಿಂತಿದ್ದಳು. ಆಮೇಲೆ ನಡೆದುಕೊಂಡೇ ಕೋಲಾರಕ್ಕೆ ಹೋದಳು. ಆಸ್ಪತ್ರೆಯಲ್ಲಿ ಆಯಾ ಆಗಿ ನೆಲ ಒರೆಸಿದಳು, ಅಕ್ಷರ ಕಲಿತಳು, ಹೆರಿಗೆ ಕಲಿತಳು, ಬಿಳಿ ಸೀರೆ ಉಟ್ಟಳು. ಎದೆಗೆ ಒಂದು ಗಡಿಯಾರ ಚುಚ್ಚಿಕೊಂಡಳು. ಸಾವಿರ ಜನರ ನಾಡಿ ಹಿಡಿದರೂ ಗಾಡಿಯೊಂದನ್ನು ಮರೆಯಲಿಲ್ಲ.

ಪೆದ್ದಪ್ಪನ ಮನೆ ನಡೆಯುತ್ತಿದ್ದದ್ದು ಇಬ್ಬರು ಹುಡುಗಿಯರ ಕೈಬಲದಿಂದ. ಒಬ್ಬಳು ಅವನ ಒಬ್ಬಳೇ ಮಗಳು ಮುತ್ಯಾಲಮ್ಮ, ಮನೆಯವರ ಬಾಯಲ್ಲಿ ಮುತ್ಯಾಲಿ. ಹದಿನಾರರ ಹುಡುಗಿ. ಮುಳಬಾಗಿಲಿನ ಸ್ಕೂಲಿಗೆ ಹೋಗುತ್ತಿದ್ದವಳನ್ನು ಮೈನೆರೆದ ಕೂಡಲೇ ಬಿಡಿಸಿ ರಾಗಿಕಲ್ಲಿನ ಮುಂದೆ ಕೂರಿಸಿದ್ದರು. ಇನ್ನೊಬ್ಬಳು ಯಲ್ಲಿ, ಮನೆಯ ಆಳು ಆವಲಪ್ಪನ ಮಗಳು. ಸಗಣಿ ಬಾಚುವುದು, ಕಲಗಚ್ಚು ಇಡುವುದು, ಸೌದೆ ಒಡೆಯುವುದು ಅವಳ ಕೆಲಸ. ಯಲ್ಲಿ ಹೊಸಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ಮುತ್ಯಾಲಿ ಹೊಸಿಲು ದಾಟಿ ಹೊರಗೆ ಹೋಗುವ ಹಾಗಿರಲಿಲ್ಲ. ಇಬ್ಬರಿಗೂ ಸಲ್ಲುವ ಜಾಗವೆಂದರೆ ಕೊಟ್ಟಿಗೆ.

ಕೋಲಾರದ ಲೇಡಿ ಡಾಕ್ಟರು ತಮ್ಮ ನರ್ಸುಗಳಿಗೆಲ್ಲ ಒಂದು ಮಾತು ಹೇಳಿ ಕಳಿಸಿದ್ದರು. ಹಳ್ಳಿಗಳಲ್ಲಿ ಬಡ ಹುಡುಗಿಯರನ್ನು ಹುಡುಕಿ ತಯಾರು ಮಾಡಿ. ಓದಲು ಬರೆಯಲು ಬಂದರೆ ಸಾಕು, ಊಟ ವಸತಿ ಕೊಟ್ಟು ಕೆಲಸ ಕಲಿಸುತ್ತೇವೆ. ಚುರುಕಿನವರನ್ನು ಮುಂದೆ ಬೆಂಗಳೂರಿಗೆ ನರ್ಸಿಂಗ್ ಓದಲು ಕಳಿಸುತ್ತೇವೆ. ಲೇಡಿ ಡಾಕ್ಟರು ಅದನ್ನು ಸೇವೆ ಎಂದು ಕರೆದಿದ್ದರು. ಮುನಿಶಾಮಮ್ಮ ಎರಡನೆಯ ಅಕ್ಷರವನ್ನು ಮಾತ್ರ ಬದಲಾಯಿಸಿ ಸೇಡು ಎಂದುಕೊಂಡಳು. ಈ ಎರಡು ಜೊತೆ ಕೈಗಳೂ ಕೋಲಾರಕ್ಕೆ ಹೋಗಿಬಿಟ್ಟರೆ ಅಣ್ಣ ತಾನೇ ಸಗಣಿ ಬಾಚಬೇಕು, ಅತ್ತಿಗೆ ತಾನೇ ರಾಗಿ ಬೀಸಬೇಕು.

ಹೀಗೆ ಕೊಟ್ಟಿಗೆಯಲ್ಲಿ ಪಾಠ ಶುರುವಾಯಿತು. ದವಾಖಾನೆಯಿಂದ ಬಂದ ಮೇಲೆ, ದೀಪ ಹಚ್ಚುವುದಕ್ಕೆ ಮೊದಲು. ಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತು ಮರೆತಿದ್ದ ಅಕ್ಷರಗಳನ್ನು ಮುತ್ಯಾಲಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಮತ್ತೆ ಮೂಡಿಸಿದಳು. ಕರುವಿನ ಕಾಲಿಗೆ ಬ್ಯಾಂಡೇಜು ಕಟ್ಟಿದರು, ಬಿಚ್ಚಿದರು. ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆದರು. ಆ ಸೋಪಿನ ಒಂದೊಂದು ತುಂಡನ್ನು ಮುನಿಶಾಮಮ್ಮ ಇಬ್ಬರಿಗೂ ಕೊಟ್ಟಿದ್ದಳು. ಯಲ್ಲಿ ತನ್ನದನ್ನು ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಎಳೆಗೂಸಿಗೆ ನೀರೆರೆಯುವ ಪಾಠಕ್ಕೆ ಅಟ್ಟದ ಮೇಲಿನ ಬೂದುಗುಂಬಳಕಾಯಿ ಕೂಸಾಯಿತು. ಯಲ್ಲಿಯ ಕೈಯಲ್ಲಿ ಅದು ಹೂವಿನ ಹಾಗೆ ಮಲಗಿತು. ಮುತ್ಯಾಲಿಯ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಆ ರಾತ್ರಿ ಕೂಸು ಸಾರಾಯಿತು. ಪೆದ್ದಪ್ಪ ಎರಡು ಸಲ ಬಡಿಸಿಕೊಂಡು ಇವತ್ತು ಸಾರಿಗೆ ಒಳ್ಳೆ ರುಚಿ ಬಂದಿದೆ ಎಂದ. ಮುತ್ಯಾಲಿ ತಟ್ಟೆ ಬಿಟ್ಟು ಎದ್ದು ಹಿತ್ತಿಲಿಗೆ ಓಡಿ ನಕ್ಕಳು.

ಕೈ ಜಾರಿದರೂ ಮುತ್ಯಾಲಿಯ ತಲೆ ಚುರುಕು, ಗಂಟಲು ಇನ್ನೂ ಚುರುಕು. ಅವಳ ಗಂಟಲಲ್ಲಿ ಇಡೀ ಊರಿತ್ತು. ಗೋಡೆಯ ಹಿಂದೆ ನಿಂತು ಅಪ್ಪನ ದನಿಯಲ್ಲಿ “ಹೊಯ್, ನಡೀರಲೇ” ಎಂದರೆ ಮೆಲುಕು ಹಾಕುತ್ತ ಮಲಗಿದ್ದ ಎತ್ತುಗಳು ಎದ್ದು ನಿಲ್ಲುತ್ತಿದ್ದವು. ಹುಲ್ಲಿನ ಮೇಲೆ ಮಲಗಿದ್ದ ಆವಲಪ್ಪನೂ ಎದ್ದು ನಿಲ್ಲುತ್ತಿದ್ದ. ಅತ್ತೆ ಒಂದೇ ಒಂದು ಸಲ ವಿವರಿಸಿದ ಲೇಡಿ ಡಾಕ್ಟರನ್ನು, ನೋಡದೆಯೇ, ಮೂಗಿನಿಂದ, ಅವರ ಅರೆಬರೆ ಕನ್ನಡದಲ್ಲಿ ಮಾತಾಡಿಸಿದಳು. “ನೀನು ಯಲ್ಲಿ ಇದೆಯೋ? ನಿನಗೆ ರಕ್ತ ನೋಡಿದರೆ ಭಯ ಬರುತ್ತದೆಯೋ?” ಯಲ್ಲಿ ಸೆಟೆದು ನಿಂತು, ಭಯ ಬರಲ್ಲ ತಾಯಿ, ಹಸು ಈಯೋವಾಗ ನೋಡಿವ್ನಿ, ಎನ್ನುತ್ತಿದ್ದಳು.

ಅಣಕಿಸುವ ಗುಣ ಮುತ್ಯಾಲಿಗೆ ಅತ್ತೆಯ ಕಡೆಯಿಂದಲೇ ಬಂದದ್ದು. ಪಾಠದ ನಡುವೆ ಯಾರಾದರೂ ದಣಿವಾಯಿತು ಎಂದರೆ ಮುನಿಶಾಮಮ್ಮ ಅಣ್ಣನ ಹಾಗೆ ಗಂಟಲು ದಪ್ಪ ಮಾಡಿ, “ಎತ್ತಿಗೆ ಆಯಾಸ ಆಗ್ತದೆ ಕಣೇ. ಸುಮ್ಕಿರು. ಬೆಳಗಾಗ್ಲಿ,” ಎನ್ನುವಳು. ಹುಡುಗಿಯರು ಬಿದ್ದು ಬಿದ್ದು ನಗುವರು. ಒಂದು ದಿನ ಯಲ್ಲಿ, ಒಡೆಯನನ್ನು ಕುರಿತು, ಸೋಮಿ ಇದನ್ನ ಯಾವಾಗ ಹೇಳಿದ್ರಮ್ಮ ಎಂದು ಕೇಳಿದಳು. ಮುನಿಶಾಮಮ್ಮ ಹೇಳಿದಳು. ಅವತ್ತಿನಿಂದ ಯಲ್ಲಿ ಆ ಮಾತಿಗೆ ನಗಲಿಲ್ಲ. ಮುತ್ಯಾಲಿ ಮಾತ್ರ ಅದನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ, ಅತ್ತೆಗಿಂತ ಚೆನ್ನಾಗಿ, ಆ ಮಗ್ಗುಲಾಗುವ ಉಸಿರಿನ ಸಮೇತ ಕಲಿತಿಟ್ಟುಕೊಂಡಳು.

ಒಳಗೆ ದೊಡ್ಡಗಂಗಮ್ಮನ ಕೆಲಸ ಬೆಳೆಯುತ್ತಿತ್ತು. ಗೌನಿಪಲ್ಲಿ ಕಡೆಯ ಹೆಣ್ಣು. ಸಿಟ್ಟು ಬಂದರೆ ತೆಲುಗಿಗೆ ಇಳಿಯುವಳು.

“ರಾಗಿ ಬೀಸೋರಿಲ್ಲ, ನೀರು ಸೇದೋರಿಲ್ಲ. ನಾಕು ಕಾಲಿನ ಕರುಗೆ ಬಟ್ಟೆ ಸುತ್ಕೊಂಡು ಕೂತವ್ರೆ. ಏಮಿಟಿದಿ ನರ್ಸಮ್ಮ, ನಮ್ಮನೆ ಏನ್ ಆಸ್ಪತ್ರೇನಾ?”

“ಆಗಿದ್ರೆ ಚೆನ್ನಾಗಿರ್ತಿತ್ತು ಅತ್ತಿಗೆ,” ಎಂದಳು ಮುನಿಶಾಮಮ್ಮ, ಮುದ್ದೆ ಮುರಿಯುತ್ತ. “ಆವಾಗ್ಲೇ ಆಗಿದ್ರೆ.”

ಪೆದ್ದಪ್ಪ ಸಾರು ಸೊರ್ರೆಂದು ಹೀರಿದ. ಅವನ ಮಟ್ಟಿಗೆ ಹುಡುಗಿಯರ ಆಟ ಇನ್ನೆಷ್ಟು ದಿನ. ಮುತ್ಯಾಲಿಗೆ ಗಂಡು ಗೊತ್ತಾಗಿತ್ತು. ಗೌನಿಪಲ್ಲಿಯ ಅಶ್ವತ್ಥಪ್ಪ, ಮಾವಿನ ತೋಪಿನ ಯಜಮಾನ. ಮೊದಲ ಹೆಂಡತಿ ತೀರಿಕೊಂಡಿದ್ದಳು. ವಯಸ್ಸು ಪೆದ್ದಪ್ಪನಿಗಿಂತ ಸ್ವಲ್ಪ ಕಡಿಮೆ.

ಅದನ್ನು ಕೇಳಿದ ಸಂಜೆ ಮುತ್ಯಾಲಿ ಅತ್ತೆಯ ಮುಂದೆ ಕೂತು ಹುಲ್ಲಿನ ಕಡ್ಡಿ ಮುರಿದಳು.

“ಅತ್ತೆ, ನಾನು ಕೆರೆಗೆ ಬೀಳ್ತೀನಿ.”

“ಬಿದ್ರೆ ಅವ್ನು ಇನ್ನೊಬ್ಳನ್ನ ನೋಡ್ತಾನೆ. ಅವನೇ ಬಿಟ್ಟು ಓಡೋ ಹಂಗೆ ಮಾಡು. ಮಾಡಿದ್ರೆ ಕೋಲಾರದಲ್ಲಿ ಮೊದಲ್ನೇ ಜಾಗ ನಿಂದು. ನನ್ ಚೌಡಿ ಮೇಲಾಣೆ.”

ಹೆಣ್ಣು ನೋಡುವ ದಿನ ಅಶ್ವತ್ಥಪ್ಪ ತನ್ನ ಭಾವಮೈದುನನೊಡನೆ ಬಂದ. ಬಿಳಿ ಪೇಟ, ಕಿವಿಯಲ್ಲಿ ಒಂಟಿ. ಮನೆಗೆ ವರ ಬಂದಿತ್ತು. ಮುತ್ಯಾಲಿಯ ಮುಖ ನೋಡಿದರೆ ಜ್ವರ ಬಂದಂತಿತ್ತು. ಮುನಿಶಾಮಮ್ಮ ಬಾಗಿಲ ಸಂದಿಯಲ್ಲಿ ನಿಂತು ಗಂಡನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಬಂದವನೇ ಒಂದು ಚೊಂಬು ನೀರು ಕುಡಿದ. ಬೆಲ್ಲದ ಪಾನಕ ಕೊಟ್ಟರೆ ಅದನ್ನೂ ಕುಡಿದು ಮತ್ತೆ ನೀರು ಕೇಳಿದ. ಸ್ವಲ್ಪ ಹೊತ್ತಿಗೆ ಎದ್ದು ಹುಲ್ಲಿನ ಬಣವೆಯ ಹಿಂದೆ ಹೋಗಿ ಬಂದ. ಕೂತ. ಪಾದ ತಿಕ್ಕಿಕೊಂಡ. ಮತ್ತೆ ಎದ್ದು ಹೋದ. ಮುನಿಶಾಮಮ್ಮ ಹಿತ್ತಿಲಿಗೆ ಹೋಗಿ ಯಲ್ಲಿಯ ಕಿವಿಯಲ್ಲಿ ಏನೋ ಹೇಳಿದಳು. ಯಲ್ಲಿ ಬಣವೆಯ ಹಿಂದೆ ಹೋಗಿ ನೋಡಿಕೊಂಡು ಬಂದು, ಹೌದಮ್ಮ, ಸಾಲು ಕಟ್ಟಿದಾವೆ, ಎಂದಳು. ಆ ಮಾತು ಎಲೆಅಡಿಕೆಯ ತಟ್ಟೆ ಹಿಡಿದು ನಿಂತಿದ್ದ ಮುತ್ಯಾಲಿಗೆ ಮುಟ್ಟಿತು.

ಭಾವಮೈದುನ, ವಾಡಿಕೆಯಂತೆ, ಹುಡುಗಿಗೆ ಏನೇನು ಬರುತ್ತದೆ ಎಂದು ಕೇಳಿದ. ದೊಡ್ಡಗಂಗಮ್ಮ ಬಾಗಿಲ ಮರೆಯಿಂದ ಅಡಿಗೆ, ಹಸೆ, ಹಾಡು ಎಂದು ಎಣಿಸತೊಡಗಿದಳು.

“ನಾಡಿ ನೋಡೋಕೂ ಬರ್ತದೆ,” ಎಂದಳು ಮುತ್ಯಾಲಿ.

ಗಂಡಸರು ನಕ್ಕರು. ಏದೀ, ಚೂಡು, ಎಲ್ಲಿ ನೋಡು ಎಂದು ಅಶ್ವತ್ಥಪ್ಪ ಮುಂಗೈ ಚಾಚಿದ. ಮುತ್ಯಾಲಿ ತಟ್ಟೆ ಕೆಳಗಿಟ್ಟು ಅವನ ಕೈ ಹಿಡಿದಳು. ಆಮೇಲೆ ಅವಳ ಬಾಯಿಂದ ಬಂದ ದನಿ ಅವಳದಲ್ಲ. ಮೂಗಿನಿಂದ ಬರುವ, ಯಾರಿಗೂ ಹೆದರದ ದನಿ.

“ಬಾಯಾರಿಕೆ ಬಹಳ ಇದೆಯೋ? ಕಾಲು ಜೋಮು ಹಿಡಿಯುತ್ತದೆಯೋ? ರಾತ್ರಿ ಎಷ್ಟು ಸಲ ಏಳುತ್ತೀರಿ?”

ಅಶ್ವತ್ಥಪ್ಪನ ನಗು ಅರ್ಧಕ್ಕೆ ನಿಂತಿತು. ಅವನು ಏಳುತ್ತಿದ್ದದ್ದು ನಿಜ.

“ಸಿಹಿಮೂತ್ರ,” ಎಂದು ಮುತ್ಯಾಲಿ ಕೈ ಬಿಟ್ಟಳು. “ಬಣವೆ ಹಿಂದೆ ಹೋಗಿ ನೋಡಿ. ಊರಿನ ಇರುವೆಯೆಲ್ಲಾ ಊಟಕ್ಕೆ ಕೂತದೆ.”

ಭಾವಮೈದುನ ಹೋಗಿ ನೋಡಿ ಬಂದ. ಮೊದಲ ಹೆಂಡತಿ ಅವನ ಅಕ್ಕ. ಇದು ಯಾವಾಗಿನಿಂದ ಬಾವ ಎಂದು ಅವನು ಕೇಳಿದ ದನಿಯಲ್ಲಿ ಆಮೇಲಿನ ಮಾತು ಮುಗಿಯಿತು. ಜಗುಲಿಯ ಸುತ್ತ ಸೇರಿದ್ದ ನೆರೆಹೊರೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಶ್ವತ್ಥಪ್ಪ ಪೇಟ ಸರಿಮಾಡಿಕೊಂಡು ತನ್ನ ಗಾಡಿ ಹತ್ತಿದ. ಹತ್ತುವಾಗ ಮಾತ್ರ ಮುನಿಶಾಮಮ್ಮನ ಬಳಿ, ಯಾರಿಗೂ ಕೇಳದಂತೆ, ಇದಕ್ಕೆ ಮದ್ದು ಐತಾ ಎಂದು ಕೇಳಿದ. ಕೋಲಾರಕ್ಕೆ ಹೋಗಿ, ಹೋಗೋದ್ರಲ್ಲಿ ತಡ ಮಾಡ್ಬೇಡಿ, ಎಂದಳು ಅವಳು. ಅಷ್ಟು ಹೊತ್ತು ಅವಳು ನರ್ಸಾಗಿದ್ದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅಣ್ಣನ ಮುಖ ನೋಡಿದ ಅವಳಿಗೆ ಹಬ್ಬದೂಟ ಉಂಡಂತಾಯಿತು.

ಪೆದ್ದಪ್ಪ ಟ್ರಂಕನ್ನು ಜಗುಲಿಗೆ ಎಸೆದ. ಮುನಿಶಾಮಮ್ಮ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಒಯ್ದು, ಕಮಾನು ಗಾಡಿಯ ಪಕ್ಕ ಇಟ್ಟು, ಅಲ್ಲೇ ಹಾಸಿಗೆ ಹಾಸಿದಳು.

“ಇದು ನಮ್ಮಪ್ಪ ಕಟ್ಟಿಸಿದ ಕೊಟ್ಟಿಗೆ,” ಎಂದಳು. “ಎತ್ತಿಗೆ ಕೊಟ್ಟ ಜಾಗ ನಂಗೂ ಸಾಕು.”

ಅದಾದ ವಾರಕ್ಕೆ ದವಾಖಾನೆಯ ಡಾಕ್ಟರು ಕೋಲಾರದಿಂದ ಸುದ್ದಿ ತಂದರು. ಈ ವರ್ಷ ಒಂದು ದವಾಖಾನೆಗೆ ಒಬ್ಬಳೇ ಹುಡುಗಿ. ಬರುವ ಸೋಮವಾರ ಕರೆದುಕೊಂಡು ಬರಬೇಕು, ತಡವಾದರೆ ಜಾಗ ಬೇರೆ ಊರಿಗೆ. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು, ಅದೂ ಕೆಟ್ಟು, ಮುಳಬಾಗಿಲಿನಲ್ಲಿ ನಿಂತುಬಿಟ್ಟಿತ್ತು. ಮುನಿಶಾಮಮ್ಮ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಲ್ಲಿ ಸ್ವಲ್ಪ ಹೊತ್ತು ಕರುವಿನ ಕಿವಿ ಸವರಿದಳು. ಆಮೇಲೆ ಸೊಂಟದಿಂದ ತನ್ನ ಸೋಪಿನ ತುಂಡು ತೆಗೆದು ಮುತ್ಯಾಲಿಯ ಮುಂದಿಟ್ಟಳು. ನಿಮ್ದು ಆಗ್ಲೇ ಕರಗೋಗೈತೆ, ಅಲ್ಲಿ ಬೇಕಾಗ್ತದೆ, ಎಂದಳು. ಮೊದಲ ಜಾಗ ಯಾರದೆಂದು ಅವಳಿಗೂ ಗೊತ್ತಿತ್ತು.

ಮುತ್ಯಾಲಿ ಅಂದೇ ಅಪ್ಪನ ಮುಂದೆ ನಿಂತು ತಾನು ಕೋಲಾರಕ್ಕೆ ಹೋಗುತ್ತೇನೆಂದಳು. ಪೆದ್ದಪ್ಪ ಕಾಲಿನ ಮೆಟ್ಟು ಎಸೆದ. ನನ್ನ ಮಗಳು ಕಂಡೋರ ಹೇಲು ಉಚ್ಚೆ ಬಾಚೋಕೆ ಹೋದ್ರೆ ನಾನು ಪಂಚಾಯ್ತಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಎಂದು ಕೂಗಾಡಿದ. ಯಲ್ಲಿ ನಮ್ಮನೇಲಿ ಬಾಚೋದು ಏನಪ್ಪ ಎಂದಳು ಮುತ್ಯಾಲಿ. ಇನ್ನೊಂದು ಮೆಟ್ಟೂ ಬಂತು. ಆ ಹೊತ್ತಿನಿಂದ ಅವಳು ತಟ್ಟೆ ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ಆಗ ದೊಡ್ಡಗಂಗಮ್ಮ ಒಲೆಗೆ ನೀರು ಚೆಲ್ಲಿ ಎದ್ದಳು.

“ಹೆತ್ತ ಬಿಡ್ಡ ಉಣ್ಣದ ಮನೇಲಿ ನಾನು ಮುದ್ದೆ ಕೋಲು ಮುಟ್ಟೋಳಲ್ಲ. ಕೋಲಾರಕ್ಕಾದ್ರೂ ಕಳ್ಸು, ಕಾಶಿಗಾದ್ರೂ ಕಳ್ಸು. ಮೊದ್ಲು ಅವ್ಳು ತಿನ್ನೋ ಹಂಗ್ ಮಾಡು.”

“ನಂಗೆ ಊಟ?”

“ನೀ ಚೆಲ್ಲೆಲು ಉಂದಿ ಗದಾ, ಅಡುಗು,” ಎಂದಳು ದೊಡ್ಡಗಂಗಮ್ಮ. ನಿನ್ನ ತಂಗಿ ಇದ್ದಾಳಲ್ಲ, ಕೇಳು, ಎಂದು.

ಪೆದ್ದಪ್ಪ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ತಿಂದ. ಗಂಟಲಿಗೆ ಸಿಕ್ಕಿ ಕೆಮ್ಮಿದ. ನೀರು ಕೊಡಲು ಯಾರೂ ಏಳಲಿಲ್ಲ. ಹೊತ್ತಿಳಿಯುವಾಗ ಅವನು, ತಂಗಿ ಬಂದ ಮೇಲೆ ಮೊದಲ ಸಲ, ತಾನಾಗಿ ಕೊಟ್ಟಿಗೆಗೆ ಬಂದು ಮೇವಿನ ಗೋದಲಿಯ ಮೇಲೆ ಕೂತ.

“ಶಾಮಿ,” ಎಂದ. ಆ ಹೆಸರಿನಿಂದ ಅವಳನ್ನು ಯಾರೂ ಕರೆಯದೆ ಬಹಳ ಕಾಲವಾಗಿತ್ತು. “ನಿಂಗೆ ಏನ್ ಬೇಕು ಹೇಳು. ಮಗಳನ್ನ ಬಿಟ್ಟು ಕೇಳು.”

ಮುನಿಶಾಮಮ್ಮ ಬ್ಯಾಂಡೇಜಿನ ಬಟ್ಟೆ ಸುರುಳಿ ಸುತ್ತುತ್ತಿದ್ದಳು. ಅಣ್ಣ ಕೇಳುತ್ತಾನೆಂದು ಅವಳು ನೆನೆಸಿರಲಿಲ್ಲ. ಬಟ್ಟೆಯ ಸುರುಳಿ ಮುಗಿಸಿ ಪಕ್ಕಕ್ಕಿಟ್ಟಳು.

“ಗಾಡಿ,” ಎಂದಳು.

“ಯಾವ ಗಾಡಿ?”

“ಇದೇ. ಮುತ್ಯಾಲಿ ಮನೇಲೇ ಇರ್ಲಿ. ಯಲ್ಲೀನ ಕರ್ಕೊಂಡು ಹೋಗ್ತೀನಿ. ಕಮಾನು ಗಾಡೀಲಿ, ಎತ್ತಿಗೆ ಗಗ್ಗರ ಕಟ್ಟಿ. ಕೋಲಾರದ ಆಸ್ಪತ್ರೆ ಬಾಗಿಲ ತನಕ.”

“ಆವಲಪ್ಪನಿಗೆ ಹೇಳ್ತೀನಿ, ಹೊಡ್ಕೊಂಡು ಹೋಗ್ತಾನೆ.”

“ಆವಲಪ್ಪ ಬೇಡ. ಅವ್ನ ಮಗಳು ಒಳಗೆ ದಿಂಬಿನ ಮೇಲೆ ಕೂತ್ಕೊಂತಾಳೆ. ನೀನು ಮುಂದೆ ಮೂಕಿ ಮೇಲೆ ಕೂತು ಹೊಡೀತೀಯ.”

ಪೆದ್ದಪ್ಪ ಅವಳನ್ನೇ ನೋಡಿದ. ಆ ಗಾಡಿಯ ಒಳಗೆ ಆಳಿನ ಜಾತಿಯವರು ಕೂತದ್ದು ಊರಿನಲ್ಲಿ ಯಾರೂ ಕಂಡದ್ದಿಲ್ಲ. ಆವಲಪ್ಪ ಅದನ್ನು ತೊಳೆಯುವಾಗಲೂ ಹೊರಗೆ ನಿಂತೇ ತೊಳೆಯುತ್ತಿದ್ದ.

“ಊರು ನಗ್ತದೆ ಶಾಮಿ.”

“ನಗ್ಲಿ.”

“ಗಗ್ಗರ ಯಾಕೆ?”

“ನಿಂಗೆ ಗೊತ್ತು.”

ಪೆದ್ದಪ್ಪ ತಲೆ ತಗ್ಗಿಸಿದ. ಗೊತ್ತು ಎಂದೇ ಅವಳು ತಿಳಿದುಕೊಂಡಳು. ಅವನು ಬಹಳ ಹೊತ್ತು ಒಣಹುಲ್ಲು ಕೆದಕುತ್ತಿದ್ದು, ಎದ್ದು, ಒಳಗೆ ಹೋಗಿ, ಎಲ್ಲರಿಗೂ ಕೇಳುವಂತೆ, ಸೋಮವಾರ ಬೆಳಗಿಗೆ ಗಾಡಿ ಕಟ್ತೀನಿ, ಏಳ್ರಿ, ಉಣ್ರಿ ಎಂದ. ಅಷ್ಟೇ ಹೇಳಿದ. ಮುತ್ಯಾಲಿ ಚಿಮ್ಮಿ ಎದ್ದಳು. ದೊಡ್ಡಗಂಗಮ್ಮ ಅಳುತ್ತ ಒಲೆ ಹೊತ್ತಿಸಿದಳು. ಮುದ್ದೆಗೆ ತುಪ್ಪ ಬಿತ್ತು. ಮುತ್ಯಾಲಿ ಎರಡು ತುತ್ತಿಗೊಮ್ಮೆ ಲೇಡಿ ಡಾಕ್ಟರಾಗಿ, ಅಪ್ಪನಾಗಿ, ಇದ್ದಿಲು ಬಸ್ಸಾಗಿ ಮಾತಾಡಿದಳು. ಮುನಿಶಾಮಮ್ಮ ಹೊಸಿಲ ಆಚೆ ಕೂತು ಅವಳು ಉಣ್ಣುವುದನ್ನು ನೋಡಿದಳು. ಹಸಿದ ಹುಡುಗಿ, ಉಂಡು ಮುಗಿಸಲಿ, ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಮುತ್ಯಾಲಿ ಸೀರೆ ಒಗೆದು ಹರವುತ್ತಿದ್ದಳು. ನಾಡಿದ್ದು ಗಂಟು ಕಟ್ಟುತ್ತಿದ್ದಳು.

ಯಲ್ಲಿಗೆ ಹೇಳುವುದು ಸುಲಭವಿತ್ತು. ಆದರೆ ಯಲ್ಲಿ ಸಂತೋಷಪಡಲಿಲ್ಲ. ಮುತ್ಯಾಲಕ್ಕನಿಗೆ ಗೊತ್ತಾ ಎಂದಳು. ಗೊತ್ತಾಗ್ತದೆ ಬಿಡು ಎಂದಳು ಮುನಿಶಾಮಮ್ಮ. ಆವಲಪ್ಪ ಬಂದು ಕೈ ಮುಗಿದು ನಿಂತ. ಮಗಳು ನಡ್ಕೊಂಡು ಬರ್ತಾಳೆ ತಾಯಿ, ನಾನೇ ಜೊತೇಲಿ ಬರ್ತೀನಿ, ಸೋಮಿ ಕೈಲಿ ಹೊಡೆಸಬೇಡಿ, ನಾಳೆ ನಾನು ಇದೇ ಮನೆ ಬಾಗಿಲಿಗೆ ಬರ್ಬೇಕು, ಎಂದು ಬೇಡಿಕೊಂಡ. ಮುನಿಶಾಮಮ್ಮ ಅವನ ಮಾತು ಕೇಳಿಸಿಕೊಂಡಳು. ಒಪ್ಪಲಿಲ್ಲ.

ಸೋಮವಾರ ಬೆಳಕು ಹರಿಯುವಾಗ ಪೆದ್ದಪ್ಪ ಬಿಳಿ ಜೊತೆಯನ್ನು ನೊಗಕ್ಕೆ ಕಟ್ಟಿದ. ಗೂಟದಿಂದ ಗಗ್ಗರ ತೆಗೆದು ಕೊರಳಿಗೆ ಬಿಗಿದ. ಸದ್ದು ಕೇಳಿ, ಯಾರ ಮನೆ ದಿಬ್ಬಣ ಎಂದು ಬೀದಿಯವರು ಒಬ್ಬೊಬ್ಬರೇ ಹೊರಗೆ ಬಂದರು. ಕೆರೆಗೆ ಹೊರಟಿದ್ದ ಹೆಂಗಸರು ಬಿಂದಿಗೆ ಇಳಿಸಿ ನಿಂತರು. ಮುನಿಶಾಮಮ್ಮ ಬಿಳಿ ಸೀರೆಗೆ ಗಡಿಯಾರ ಚುಚ್ಚಿಕೊಂಡು ಬಂದು, ಯಲ್ಲಿಯ ರಟ್ಟೆ ಹಿಡಿದು, ಹಿಂದಿನಿಂದ ಒಳಕ್ಕೆ ಹತ್ತಿಸಿದಳು. ಯಲ್ಲಿ ದಿಂಬಿನ ತುದಿಯಲ್ಲಿ ಮೈ ಮುದುಡಿಕೊಂಡು ಕೂತಳು. ಬೀದಿಯಲ್ಲಿ ಯಾರೋ ಕೆಮ್ಮಿದರು. ಪೆದ್ದಪ್ಪ ಟವೆಲನ್ನು ಕಿವಿಯ ಮೇಲೆ ಎಳೆದುಕೊಂಡು ಮೂಕಿಯ ಮೇಲೆ ಕೂತು ಎತ್ತುಗಳ ಬಾಲವನ್ನೇ ನೋಡಿದ. ಮುನಿಶಾಮಮ್ಮನೂ ಹತ್ತಿ ಕೂತಳು. ಅಣ್ಣನ ಬೆನ್ನು ಅವಳ ಎದುರಿಗಿತ್ತು. ಆ ಬೆನ್ನನ್ನು ಹೀಗೆ ನೋಡಲು ಅವಳು ಇಪ್ಪತ್ತು ವರ್ಷ ಕಾದಿದ್ದಳು.

ಆಗ ಮುತ್ಯಾಲಿ ಗಂಟು ಎತ್ತಿಕೊಂಡು ಹೊರಗೆ ಬಂದಳು. ತಲೆ ಬಾಚಿ ಹೂ ಮುಡಿದಿದ್ದಳು. ಮೆಟ್ಟಿಲು ಇಳಿದು, ಗಾಡಿಯ ಹಿಂದೆ ಬಂದು, ಕಾಲಿಡಲು ಜಾಗ ನೋಡಿದಳು.

“ನೀನು ಹತ್ತಬೇಡ, ಒಳಗ್ ಹೋಗು,” ಎಂದ ಪೆದ್ದಪ್ಪ, ತಿರುಗದೆ. “ನಿಮ್ಮತ್ತೆ ಒಪ್ಕೊಂಡವ್ಳೆ. ಯಲ್ಲಿ ಹೋಗ್ತಾಳೆ, ನೀನು ಮನೇಲಿರ್ತೀಯ. ಅದಕ್ಕೇ ನಾನು ಗಾಡಿ ಕಟ್ಟಿದ್ದು.”

ಮುತ್ಯಾಲಿ ಅತ್ತೆಯ ಮುಖ ನೋಡಿದಳು. ಅಲ್ಲಿ ಅವಳಿಗೆ ಬೇಕಾದ ಉತ್ತರ ಸಿಕ್ಕಿತು. ಅವಳು ಅಳಲಿಲ್ಲ. ಗಂಟು ಬಿಚ್ಚಿ ಸೋಪಿನ ತುಂಡು ತೆಗೆದು ಯಲ್ಲಿಯ ಕೈಯಲ್ಲಿಟ್ಟಳು.

“ನಿಂದೇ. ಮೊಣಕೈವರೆಗೆ ತೊಳಿ.”

ಯಲ್ಲಿ ಇಳಿಯಲು ಎದ್ದಳು. ಮುತ್ಯಾಲಿ ಅವಳ ಮಂಡಿ ಒತ್ತಿ ಕೂರಿಸಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

“ನಾನು?”

“ಮುಂದಿನ ವರ್ಷ ಕಣೇ,” ಎಂದಳು ಮುನಿಶಾಮಮ್ಮ. “ಇನ್ನೊಂದು ಜಾಗ ಆಗ್ತದೆ. ನಾನೇ ಲೇಡಿ ಡಾಕ್ಟರ್ ಹತ್ರ ಮಾತಾಡ್ತೀನಿ. ಸ್ವಲ್ಪ ತಡ್ಕೋ.”

ಮುತ್ಯಾಲಿ ಪೂರ್ತಿ ಕೇಳಿಸಿಕೊಂಡಳು. ನಿಧಾನವಾಗಿ ಉಸಿರೆಳೆದು, ಮಗ್ಗುಲಾಗುವವರ ಹಾಗೆ ಬಿಟ್ಟಳು.

“ಎತ್ತಿಗೆ ಆಯಾಸ ಆಗ್ತದೆ ಕಣೇ. ಸುಮ್ಕಿರು. ಬೆಳಗಾಗ್ಲಿ.”

ಪೆದ್ದಪ್ಪನ ದನಿ ಪೆದ್ದಪ್ಪನ ಬೆನ್ನ ಹಿಂದಿನಿಂದ ಬಂತು. ಮುನಿಶಾಮಮ್ಮ ಗಾಡಿಯ ಬಿದಿರು ಹಿಡಿದುಕೊಂಡಳು.

“ಸರಿ ಬಂತಾ ಅತ್ತೆ? ನೀನ್ ಕಲಿಸಿದ್ದೇ.”

ಪೆದ್ದಪ್ಪ ಈಗ ತಿರುಗಿದ. ಮಗಳನ್ನು ನೋಡಿದ, ತಂಗಿಯನ್ನು ನೋಡಿದ. ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ; ಏನೂ ತಿಳಿಯದವನ ಮುಖ.

“ಯಾರ್ ಹೇಳಿದ್ದು ಅದನ್ನ?” ಎಂದ. “ಯಾವಾಗ?”

ಮುತ್ಯಾಲಿ ಹಿಂದೆ ಸರಿದು, ಮೆಟ್ಟಿಲು ಹತ್ತಿ, ಹೊಸಿಲ ಮೇಲೆ ನಿಂತು, ಅದೇ ದನಿಯಲ್ಲಿ, “ಹೊಯ್, ನಡೀರಲೇ” ಎಂದಳು. ಪೆದ್ದಪ್ಪ ಹಗ್ಗ ಎತ್ತುವ ಮೊದಲೇ ಎತ್ತುಗಳು ಹೊರಟವು. ಗಗ್ಗರ ಝಲ್ಲೆಂದವು. ಆವಲಪ್ಪ ದೂರದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗಾಡಿಯ ಧೂಳಿನಲ್ಲಿ ನಡೆಯುತ್ತಿದ್ದ.

ಬೀದಿಯ ಎರಡೂ ಕಡೆ ಜನ ನಿಂತಿದ್ದರು. ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡಬೇಕೆಂದು ಮುನಿಶಾಮಮ್ಮ ಚಾಪೆಯ ಪರದೆಯನ್ನು ಮೊದಲೇ ಮೇಲಕ್ಕೆ ಕಟ್ಟಿಸಿದ್ದಳು. ಒಂದನ್ನೂ ನೋಡಲಿಲ್ಲ. ಯಲ್ಲಿ ಪಕ್ಕಕ್ಕೆ ಸರಿದು, ಕಲಿತ ಹಾಗೆ, ಎರಡು ಬೆರಳನ್ನು ಅವಳ ಮುಂಗೈಗೆ ಇಟ್ಟಳು, ಎಣಿಸಿದಳು, ಎಷ್ಟೆಂದು ಹೇಳಲಿಲ್ಲ. ಗಾಡಿ ಕೆರೆಯ ಏರಿ ಹತ್ತಿತು. ಮನೆ ಸಣ್ಣದಾಯಿತು, ಹೊಸಿಲು ಕಾಣದಾಯಿತು. ಕೊನೆಯ ಗೆಜ್ಜೆಯ ಸದ್ದು ಅಳಿಯುವ ತನಕ ಮುತ್ಯಾಲಿ ಅಲ್ಲಿಂದ ಕದಲುವುದಿಲ್ಲ ಎಂದು ಮುನಿಶಾಮಮ್ಮನಿಗೆ ಗೊತ್ತಿತ್ತು. ತಾನೂ ಕದಲಿರಲಿಲ್ಲ.